ಗದ್ದಲಕ್ಕೂ ಕಿವಿಗೊಟ್ಟವರು: ಓದುಗರ ಪ್ರಶ್ನೆ, ನಮ್ಮ ಉತ್ತರ

ನಿದ್ದೆಯಲ್ಲಿ ಕಿವಿ ಏನು ಮಾಡುತ್ತಿರುತ್ತದೆ ಎಂಬ ಪ್ರಶ್ನೆಗೆ ಕಳೆದ ತಿಂಗಳು ಉತ್ತರಿಸುವಾಗ, ‘ಗದ್ದಲವೆನ್ನುವುದು ಕಿವಿಯ ತೀರ್ಮಾನವಲ್ಲ, ಮಿದುಳಿನ ತೀರ್ಮಾನ’ ಎಂದು ಒಂದು ಸಾಲು ಬರೆದಿದ್ದೆ. ಆ ಸಾಲನ್ನು ಹಿಡಿದುಕೊಂಡು ಬಂದ ಪತ್ರಗಳೇ ಈ ಬಾರಿ ಹೆಚ್ಚು. ಒಪ್ಪಿದವರಿಗಿಂತ ತಕರಾರು ತೆಗೆದವರು ಜಾಸ್ತಿ. ಅವುಗಳಲ್ಲಿ ಏಳು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೊಮ್ಮಗಳು ಒತ್ತಾಯ ಮಾಡಿ ನನ್ನನ್ನು ಒಂದು ಕಲಾಪ್ರದರ್ಶನಕ್ಕೆ ಕರೆದೊಯ್ದಳು. ಕತ್ತಲೆ ಕೋಣೆಯಲ್ಲಿ ಕೂರಿಸಿ, ಕಾಂಕ್ರೀಟ್ ಕಲಸುವ ಯಂತ್ರ, ಲಾರಿಯ ಹಾರನ್, ಕಲ್ಲು ಕೊರೆಯುವ ಸದ್ದು ಇವನ್ನು ಇಪ್ಪತ್ತು ನಿಮಿಷ ಕೇಳಿಸಿದರು. ನಮ್ಮ ಮನೆಯ ಮುಂದೆ ಮೇಲ್ಸೇತುವೆ ಕಟ್ಟುತ್ತಿದ್ದಾಗ ಇದನ್ನೇ ವರ್ಷಗಟ್ಟಲೆ ಪುಕ್ಕಟೆಯಾಗಿ ಕೇಳಿದ್ದೇನೆ. ಇದು ಕಲೆ ಹೇಗಾಯಿತು?
— ನಿವೃತ್ತ ಶಿಕ್ಷಕರು, ಬನಶಂಕರಿ

ಉತ್ತರ: ಮೇಷ್ಟ್ರೇ, ತಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಗದ್ದಲ ಎಂದರೇನು ಎಂಬುದು ಒಂದು, ತಾವು ಕೇಳಿಬಂದ ಕೃತಿ ಚೆನ್ನಾಗಿತ್ತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಒಂದು ಕಾಲದಲ್ಲಿ ಖಚಿತವಾದ ಉತ್ತರವಿತ್ತು. ಶರೀರಶಾಸ್ತ್ರ, ಭೌತಶಾಸ್ತ್ರ ಎರಡರಲ್ಲೂ ಪಳಗಿದ್ದ ಜರ್ಮನಿಯ ಹೆರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್, ಸ್ವರದ ಅನುಭವವನ್ನು ಕುರಿತು 1863ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದ ಆರಂಭದಲ್ಲೇ ಗೆರೆ ಎಳೆದುಬಿಟ್ಟರು. ಒಂದೇ ಅಂತರದಲ್ಲಿ ಮರುಕಳಿಸುವ ಕಂಪನದಿಂದ ಹುಟ್ಟುವುದು ಸಂಗೀತದ ಸ್ವರ. ಗಾಳಿಯ ಮೊರೆತ, ನೀರಿನ ಎರಚಾಟ, ಗಾಡಿಯ ಗಡಗಡ ಇವುಗಳಂತೆ ಲೆಕ್ಕಕ್ಕೆ ಸಿಗದೆ ಬದಲಾಗುವ ಕಂಪನದಿಂದ ಹುಟ್ಟುವುದು ಗದ್ದಲ. ಈ ಗೆರೆಯನ್ನು ಮೊದಲು ತುಳಿದವರಲ್ಲಿ ಲುಯಿಜಿ ರುಸ್ಸೊಲೊ ಎಂಬ ಇಟಲಿಯ ಚಿತ್ರಕಾರ ಒಬ್ಬ. ಟ್ರಾಮು, ಎಂಜಿನ್ನು, ಜನಸಂದಣಿಗಳ ಸದ್ದನ್ನು ಸಂಗೀತಕ್ಕೆ ಸೇರಿಸಿಕೊಳ್ಳಬೇಕೆಂದು 1913ರಲ್ಲಿ ಪ್ರಣಾಳಿಕೆ ಬರೆದ ಆತ ಅಷ್ಟಕ್ಕೇ ನಿಲ್ಲದೆ, ಹಿಡಿಕೆ ತಿರುಗಿಸಿದರೆ ಗುಡುಗುವ, ಕಿರುಗುಟ್ಟುವ, ಗುರುಗುಡುವ ಮರದ ಪೆಟ್ಟಿಗೆಗಳಿಗೆ ದೊಡ್ಡ ಕಹಳೆಬಾಯಿ ಕೂರಿಸಿ ಕಛೇರಿಯನ್ನೂ ನಡೆಸಿದ. 1952ರಲ್ಲಿ ಅಮೆರಿಕದ ಜಾನ್ ಕೇಜ್ ಇದಕ್ಕೆ ತದ್ವಿರುದ್ಧ ದಿಕ್ಕಿನಿಂದ ಬಂದರು. ಅವರ ರಚನೆಯೊಂದರಲ್ಲಿ ವಾದಕ ಪಿಯಾನೊದ ಮುಂದೆ 4 ನಿಮಿಷ 33 ಸೆಕೆಂಡ್ ಕುಳಿತು ಒಂದು ಸ್ವರವನ್ನೂ ನುಡಿಸದೆ ಎದ್ದುಹೋದ. ಸಭೆಗೆ ಉಳಿದದ್ದು ತನ್ನದೇ ಕೆಮ್ಮು, ಪಿಸುಮಾತು ಮತ್ತು ಹೊರಗಿನ ಗಾಳಿ.

ಮನೆಯ ಮುಂದಿನ ಸದ್ದಿಗೂ ಕೋಣೆಯ ಸದ್ದಿಗೂ ಏನು ವ್ಯತ್ಯಾಸವೆಂಬುದಕ್ಕೆ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಮನೋವಿಜ್ಞಾನಿಗಳ ಪ್ರಯೋಗ ಒಳ್ಳೆಯ ಸುಳಿವು ಕೊಡುತ್ತದೆ. ಅವರು ಎರಡು ಗುಂಪುಗಳಿಗೆ, ಯಾವಾಗ ಬರುವುದೆಂದು ಊಹಿಸಲಾಗದ ಜೋರು ಸದ್ದನ್ನು ಕೇಳಿಸಿದರು. ಒಂದು ಗುಂಪಿನವರ ಕೈಯಲ್ಲಿ ಗುಂಡಿಯೊಂದನ್ನು ಕೊಟ್ಟು, ಸಹಿಸಲಾಗದಿದ್ದರೆ ಒತ್ತಿ ನಿಲ್ಲಿಸಬಹುದು, ಆದರೆ ಒತ್ತದಿದ್ದರೆ ಒಳ್ಳೆಯದು ಎಂದರು. ಬಹುತೇಕ ಯಾರೂ ಒತ್ತಲಿಲ್ಲ. ಹಾಗಿದ್ದರೂ, ಸದ್ದು ನಿಂತ ಬಳಿಕ ಒಗಟು ಬಿಡಿಸಲು, ಅಚ್ಚಿನ ತಪ್ಪು ಹುಡುಕಲು ಕೊಟ್ಟಾಗ, ಗುಂಡಿ ಇದ್ದವರು ಇಲ್ಲದವರಿಗಿಂತ ಸ್ಪಷ್ಟವಾಗಿ ಮುಂದಿದ್ದರು. ಎರಡು ಗುಂಪಿನ ಕಿವಿಗೂ ಬಿದ್ದದ್ದು ಒಂದೇ ಸದ್ದು. ಬೇರೆಯಾಗಿದ್ದದ್ದು ಅದರ ಮುಂದೆ ತಾವು ಅಸಹಾಯಕರೋ ಅಲ್ಲವೋ ಎಂಬ ಮಿದುಳಿನ ಎಣಿಕೆ ಮಾತ್ರ. ಪ್ರದರ್ಶನದ ಕೋಣೆಯಲ್ಲಿ ತಾವು ಎದ್ದು ಬರಬಹುದಿತ್ತು. ಮನೆಯಿಂದ ಎದ್ದು ಎಲ್ಲಿಗೆ ಹೋಗುವುದು? ಸದ್ದನ್ನು ದೂರ ತಳ್ಳುವ ಕೆಲಸದಿಂದ ಮಿದುಳಿಗೆ ಬಿಡುವು ಸಿಕ್ಕಾಗ, ಅದೇ ಕೊರೆಯುವ ಯಂತ್ರದಲ್ಲಿ ಏರಿಳಿತವಿದೆ, ಲಯವಿದೆ ಎಂಬುದು ಗಮನಕ್ಕೆ ಬರಲು ಅವಕಾಶವಾಗುತ್ತದೆ. ಕಲಾವಿದ ಆ ಅವಕಾಶವನ್ನು ಬಳಸಿಕೊಂಡನೇ ಎಂಬುದು ತಮ್ಮ ಎರಡನೆಯ ಪ್ರಶ್ನೆ. ಧ್ವನಿಮುದ್ರಿಸಿ ತಂದು ಕತ್ತಲಲ್ಲಿ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದುಕೊಂಡಿದ್ದರೆ, ತಮ್ಮ ಬೇಸರದಲ್ಲಿ ನಾನೂ ಪಾಲುದಾರ.

ಪ್ರಶ್ನೆ: ಚಾಮರಾಜಪೇಟೆಯ ರಾಮೋತ್ಸವದ ಚಪ್ಪರದಲ್ಲಿ ಕುಳಿತು ಆಲಾಪನೆ ಕೇಳುವಾಗ ಹೊರಗಿನ ಬಸ್ಸುಗಳು ನನಗೆ ಕೇಳಿಸುವುದೇ ಇಲ್ಲ. ಅದನ್ನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮನೆಯಲ್ಲಿ ಹಾಕಿದರೆ ಬಸ್ಸು, ಆಟೊ, ಪಕ್ಕದವರ ಮಾತು ಇವೇ ಮುಂದೆ ಬರುತ್ತವೆ. ಮೊಬೈಲ್ ಕೆಟ್ಟದ್ದೇ?
— ಗೃಹಿಣಿ, ಹನುಮಂತನಗರ

ಉತ್ತರ: ಮೊಬೈಲ್ ಚೆನ್ನಾಗಿಯೇ ಇದೆ. ಅದು ಬಂದದ್ದನ್ನೆಲ್ಲ ಪಕ್ಷಪಾತವಿಲ್ಲದೆ ಬರೆದುಕೊಂಡಿದೆ, ಪಕ್ಷಪಾತ ಮಾಡುವುದು ನಿಮ್ಮ ಮಿದುಳು. ಬ್ರಿಟನ್ನಿನ ಕಾಲಿನ್ ಚೆರಿ 1953ರಲ್ಲಿ, ಜನರ ಎರಡು ಕಿವಿಗಳಿಗೆ ಎರಡು ಬೇರೆ ಬೇರೆ ಭಾಷಣಗಳನ್ನು ಒಟ್ಟಿಗೆ ಕೇಳಿಸಿ, ಒಂದನ್ನು ಮಾತ್ರ ಗಟ್ಟಿಯಾಗಿ ಮರುನುಡಿಯುವಂತೆ ಹೇಳಿದರು. ಗಮನ ಕೊಡದ ಕಿವಿಯಲ್ಲಿ ಏನಿತ್ತೆಂದು ಆಮೇಲೆ ವಿಚಾರಿಸಿದರೆ, ಭಾಷಣ ನಡುವೆ ಇಂಗ್ಲಿಷಿನಿಂದ ಜರ್ಮನ್‌ಗೆ ತಿರುಗಿದ್ದೂ ಅವರಿಗೆ ತಿಳಿದಿರಲಿಲ್ಲ. ಗಂಡುದನಿ ಹೆಣ್ಣುದನಿಯಾದರೆ ಮಾತ್ರ ತಿಳಿಯುತ್ತಿತ್ತು. ಹಾಗೆಂದು ಆ ಕಿವಿ ಪೂರ್ತಿ ಮುಚ್ಚಿರಲಿಲ್ಲ. ಕಡೆಗಣಿಸಿದ ದನಿಯಲ್ಲಿ ಕೇಳುಗರ ಹೆಸರನ್ನೇ ತೂರಿಸಿದರೆ ಸುಮಾರು ಮೂರನೇ ಒಂದು ಭಾಗದ ಜನ ಅದನ್ನು ಹಿಡಿದುಬಿಡುತ್ತಾರೆಂದು ಮುಂದಿನ ಪ್ರಯೋಗಗಳು ತೋರಿಸಿದವು.

ಚಪ್ಪರದಲ್ಲಿ ಈ ಕೆಲಸಕ್ಕೆ ಒಂದು ಸಲಕರಣೆ ಇರುತ್ತದೆ. ಹಾಡು ಬಂದ ದಿಕ್ಕಿಗೂ ಬಸ್ಸು ಬಂದ ದಿಕ್ಕಿಗೂ, ಒಂದು ಕಿವಿಗೆ ಮುಟ್ಟಿದ ಕ್ಷಣಕ್ಕೂ ಇನ್ನೊಂದಕ್ಕೆ ಮುಟ್ಟಿದ ಕ್ಷಣಕ್ಕೂ ಇರುವ ಅತಿಸಣ್ಣ ಅಂತರ ಬೇರೆ ಬೇರೆ. ಮಿದುಳು ಆ ಅಂತರವನ್ನು ಹಿಡಿದು ಎರಡನ್ನೂ ಬೇರ್ಪಡಿಸುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿನಿಂದ ಎಲ್ಲವೂ ಒಂದೇ ಜಾಗದಿಂದ ಬರುವುದರಿಂದ ಆ ಸುಳಿವು ಕಳೆದುಹೋಗಿರುತ್ತದೆ. ಜೊತೆಗೆ ಗಾಯಕಿಯ ಕೈಬೀಸು, ತುಟಿಯ ಚಲನೆ, ಮುಂದಿನ ಸಾಲಿನವರ ತಲೆದೂಗು ಇವೂ ಮನೆಯಲ್ಲಿಲ್ಲ. ನಾನೂ ಆ ಚಪ್ಪರದಲ್ಲಿ ಒಂದು ಸಂಜೆ ಬೇಕೆಂದೇ ಪರೀಕ್ಷಿಸಿದ್ದೆ. ಕಣ್ಣು ಮುಚ್ಚಿ ಬಸ್ಸಿನ ಬ್ರೇಕಿನ ಸದ್ದನ್ನೇ ಹುಡುಕುತ್ತ ಕುಳಿತೆ. ಹತ್ತು ನಿಮಿಷದಲ್ಲಿ ಆರು ಸಲ ಎಣಿಸಿದೆ. ಆದರೆ ಆ ಹತ್ತು ನಿಮಿಷ ಹಾಡಿದ್ದು ಕಲ್ಯಾಣಿಯೋ ಶಂಕರಾಭರಣವೋ ಎಂದು ಪಕ್ಕದವರನ್ನು ಕೇಳಬೇಕಾಯಿತು.

ಪ್ರಶ್ನೆ: ಮೃದಂಗ ಕಲಿಯುತ್ತಿದ್ದೇನೆ. ‘ನೀನು ಬಾರಿಸಿದರೆ ಸದ್ದು ಬರುತ್ತದೆ, ನಾದ ಬರುತ್ತಿಲ್ಲ’ ಎನ್ನುತ್ತಾರೆ ನಮ್ಮ ಗುರುಗಳು. ವಿಜ್ಞಾನದಲ್ಲಿ ಈ ವ್ಯತ್ಯಾಸಕ್ಕೆ ಅರ್ಥವಿದೆಯೇ?
— ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ಇದೆ, ಮತ್ತು ಅದರ ಚರಿತ್ರೆಯ ಒಂದು ಮುಖ್ಯ ಪುಟ ನಿಮ್ಮ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿದೆ. ಸರ್ ಸಿ. ವಿ. ರಾಮನ್ ಕಲ್ಕತ್ತೆಯಲ್ಲಿದ್ದಾಗಲೇ, 1920ರಲ್ಲಿ, ಮೃದಂಗ ಮತ್ತು ತಬಲಾಗಳ ವಿಶೇಷವನ್ನು ಕುರಿತು ಬರೆದಿದ್ದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ಅವರು ಮರುವರ್ಷ ಇಲ್ಲೇ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ, ಅದರ ಪತ್ರಿಕೆಯ ಮೊದಲ ಸಂಪುಟದಲ್ಲೇ ಭಾರತೀಯ ಚರ್ಮವಾದ್ಯಗಳ ಬಗ್ಗೆ ವಿಸ್ತಾರವಾದ ಲೇಖನ ಪ್ರಕಟಿಸಿದರು.

ವಿಷಯ ಹೀಗೆ. ಎಲ್ಲೆಡೆ ಒಂದೇ ದಪ್ಪವಿರುವ ಚರ್ಮವನ್ನು ಬಿಗಿದು ಬಡಿದರೆ, ಮೂಲ ಕಂಪನದ ಜೊತೆಗೆ ಹುಟ್ಟುವ ಉಪಕಂಪನಗಳು ಅದರ 1.59, 2.14, 2.30 ಪಟ್ಟು ವೇಗದವು. ಇವು ಒಂದಕ್ಕೊಂದು ಹೊಂದದ ಅಂಕಿಗಳು. ತಂತಿಯಲ್ಲಾದರೋ ಉಪಸ್ವರಗಳು 2, 3, 4, 5 ಪಟ್ಟು. ನಮ್ಮ ಮಿದುಳು ಒಟ್ಟಿಗೆ ಬಂದ ಕಂಪನಗಳಿಗೆಲ್ಲ ಒಂದು ಸಮಾನ ಬುಡವನ್ನು ಹುಡುಕುತ್ತದೆ; ಬುಡ ಸಿಕ್ಕರೆ ಎಲ್ಲವನ್ನೂ ಕೂಡಿಸಿ ‘ಇದು ಒಂದು ಸ್ವರ’ ಎನ್ನುತ್ತದೆ, ಸಿಗದಿದ್ದರೆ ‘ಬಡಿತ’ ಎಂದು ಬದಿಗಿಡುತ್ತದೆ. ಈ ಹುಡುಕಾಟ ಎಷ್ಟು ಬಲವೆಂದರೆ, ಬುಡದ ಕಂಪನವೇ ಇಲ್ಲದಿದ್ದರೂ ಮಿದುಳು ಅದನ್ನು ತುಂಬಿಕೊಳ್ಳುತ್ತದೆ. ಹಳೆಯ ದೂರವಾಣಿ ಸುಮಾರು 300 ಹರ್ಟ್ಸ್‌ಗಿಂತ (ಅಂದರೆ ಸೆಕೆಂಡಿಗೆ 300 ಕಂಪನಕ್ಕಿಂತ) ಕೆಳಗಿನದನ್ನು ಸಾಗಿಸುತ್ತಿರಲಿಲ್ಲ; ನಿಮ್ಮ ತಾತನ ದನಿಯ ಬುಡ ಅದಕ್ಕಿಂತ ಬಹಳ ಕೆಳಗಿದ್ದರೂ, ಫೋನಿನಲ್ಲಿ ಅವರು ತಾತನಂತೆಯೇ ಕೇಳುತ್ತಿದ್ದರು.

ಮೃದಂಗದ ಬಲಭಾಗದ ಕರಣೆ ಮಾಡುವುದು ಈ ಹೊಂದಾಣಿಕೆಯನ್ನೇ. ಕಿಟ್ಟದ ಪುಡಿಯನ್ನು ಅನ್ನದೊಂದಿಗೆ ಅರೆದು, ಪದರದ ಮೇಲೆ ಪದರ ಹಚ್ಚಿ, ಕಲ್ಲಿನಿಂದ ಉಜ್ಜಿ ಕೂರಿಸಿದ ಆ ಕಪ್ಪು ವೃತ್ತ ಚರ್ಮದ ನಡುವನ್ನು ಭಾರ ಮಾಡಿ, ಚೆಲ್ಲಾಪಿಲ್ಲಿಯಾಗಿದ್ದ ಉಪಕಂಪನಗಳನ್ನು ಪೂರ್ಣಾಂಕಗಳ ಹತ್ತಿರಕ್ಕೆ ಎಳೆದು ತರುತ್ತದೆ. ಮೊದಲ ಐದು ಉಪಸ್ವರಗಳು ತಂತಿಯಲ್ಲಿರುವಂತೆ ಸಾಲಾಗಿ ನಿಲ್ಲುತ್ತವೆಂದು ರಾಮನ್ ತೋರಿಸಿದರು. ಭಾರ ಹೇರಿದರೆ ಸದ್ದು ಹೇಗೆ ಬದಲಾಗುತ್ತದೆಂಬುದನ್ನು ನೀವು ಎಡಭಾಗದಲ್ಲಿ ಪ್ರತಿದಿನ ನೋಡುತ್ತೀರಿ. ಕಲಸಿದ ರವೆಯ ಉಂಡೆಯನ್ನು ಚರ್ಮದ ನಡುವೆ ಒತ್ತಿ, ಬೆರಳಿನಿಂದ ಹರಡುತ್ತ ಮಧ್ಯೆ ಮಧ್ಯೆ ಬಾರಿಸಿ ನೋಡಿ: ಮೊದಲು ತಗಡಿನಂತೆ ಚಪ್ಪಟೆಯಾಗಿದ್ದ ದನಿ ರವೆ ಕೂರುತ್ತಿದ್ದಂತೆ ಇಳಿದು, ಒಂದು ಹಂತದಲ್ಲಿ ಥಟ್ಟನೆ ‘ಥೋಂ’ ಎಂದು ತುಂಬಿಕೊಳ್ಳುತ್ತದೆ. ನಿಮ್ಮ ಗುರುಗಳು ದೂರುತ್ತಿರುವುದು ಬಹುಶಃ ಬೆರಳನ್ನು. ಬೆರಳು ತಪ್ಪು ಜಾಗಕ್ಕೆ ಬಿದ್ದರೆ ಅಥವಾ ಎತ್ತುವುದು ತಡವಾದರೆ, ಕರಣೆ ಜೋಡಿಸಿಟ್ಟ ಸಾಲನ್ನು ನೀವೇ ಕೆಡಿಸಿದಂತೆ.

ಆದರೆ ಗುರುಗಳ ಮಾತಿಗೆ ಒಂದು ಸಣ್ಣ ತಿದ್ದುಪಡಿ, ಅವರ ಕ್ಷಮೆ ಕೇಳಿ. ನಾದವೆಂದರೆ ಸದ್ದನ್ನು ಪೂರ್ತಿ ತೊಳೆದುಹಾಕುವುದಲ್ಲ. ಮೃದಂಗದ ಬಲಭಾಗದ ಚರ್ಮಗಳ ನಡುವೆ ಸಣ್ಣ ಕಡ್ಡಿ ಚೂರುಗಳನ್ನೋ ಕಲ್ಲಿನ ಹರಳುಗಳನ್ನೋ ಸೇರಿಸುವುದು ಒಂದಿಷ್ಟು ಕರಕರ ಬೇಕೆಂದೇ. ತಂಬೂರಿಯ ಜೀವಾಳವೂ ಹಾಗೆಯೇ. ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿಯ) ಮೇಲೆ ತಂತಿಯ ಅಡಿಗೆ ನೂಲೆಳೆಯನ್ನು ಕೂದಲೆಳೆಯಷ್ಟು ಸರಿಸಿದರೆ ತಂತಿ ಅಗಲವಾದ ಕುದುರೆಗೆ ತಾಗಿ ತಾಗಿ ಝೇಂಕರಿಸುತ್ತದೆ. ತಂತಿಯನ್ನು ಮೀಟಿದ ಜಾಗದ ಲೆಕ್ಕದಲ್ಲಿ ಹುಟ್ಟಲೇಬಾರದಾಗಿದ್ದ ಉಪಸ್ವರಗಳೂ ಅದರಲ್ಲಿ ಹುಟ್ಟುತ್ತವೆಂದು ರಾಮನ್ 1921ರಲ್ಲೇ ಬರೆದರು. ಶ್ರುತಿ ಶುದ್ಧವಾಯಿತು ಎಂದು ನಾವು ತಲೆದೂಗುವುದು ಆ ಝೇಂಕಾರ ಬಂದ ಮೇಲೆ.

ಪ್ರಶ್ನೆ: ನಾನು ಸಿಗ್ನಲ್ ಪ್ರೊಸೆಸಿಂಗ್ ಎಂಜಿನಿಯರ್. ನಮ್ಮ ವೃತ್ತಿಯಲ್ಲಿ ‘ನಾಯ್ಸ್’ ಎಂದರೆ ಸೋಸಿ ಹಾಕಬೇಕಾದ ಕಸ. ಮಿದುಳಿಗೆ ಅದರಿಂದ ಉಪಯೋಗವಿದೆ ಎಂದು ಉಪನ್ಯಾಸವೊಂದರಲ್ಲಿ ಕೇಳಿದೆ. ನಂಬಬಹುದೇ?
— ವೈಟ್‌ಫೀಲ್ಡ್

ಉತ್ತರ: ನಂಬಬಹುದು, ಮಿತಿಯೊಳಗೆ. ಮೊದಲು ಕಸದಿಂದ ರಸ ತೆಗೆದ ಕತೆ. ಲಂಡನ್ನಿನ ಪಾಲ್ ಫ್ಯಾಟ್ ಮತ್ತು ಬರ್ನಾರ್ಡ್ ಕಾಟ್ಸ್, ನರ ಬಂದು ಕಪ್ಪೆಯ ಸ್ನಾಯುವನ್ನು ಸೇರುವ ಜಾಗದಲ್ಲಿ ವಿದ್ಯುತ್ತನ್ನು ಅಳೆಯುತ್ತಿದ್ದರು. ನರವನ್ನು ಕೆಣಕದೆ ಸುಮ್ಮನೆ ಬಿಟ್ಟಾಗಲೂ ಪರದೆಯ ಮೇಲೆ ಹೊತ್ತುಗೊತ್ತಿಲ್ಲದ ಸಣ್ಣ ಸಣ್ಣ ಜಿಗಿತಗಳು ಕಂಡವು. 1950ರಲ್ಲಿ ಅದರ ಬಗ್ಗೆ ಬರೆದ ಪುಟ್ಟ ಲೇಖನಕ್ಕೆ ಅವರು ಕೊಟ್ಟ ಶೀರ್ಷಿಕೆಯಲ್ಲೇ ‘ಜೈವಿಕ ಗದ್ದಲ’ ಎಂಬ ಮಾತಿದೆ. ಆ ಜಿಗಿತಗಳ ಅಳತೆ ಹೆಚ್ಚುಕಡಿಮೆ ಒಂದೇ ಎಂಬುದನ್ನು ಬೆನ್ನು ಹತ್ತಿದಾಗಲೇ, ನರದ ತುದಿಯಿಂದ ರಾಸಾಯನಿಕವು ಸಣ್ಣ ಪೊಟ್ಟಣಗಳಾಗಿ ಬಿಡುಗಡೆಯಾಗುತ್ತದೆ ಎಂಬ ಸತ್ಯ ಹೊರಬಿದ್ದದ್ದು. ಕಾಟ್ಸ್‌ರಿಗೆ 1970ರಲ್ಲಿ ನೊಬೆಲ್ ಬಂತು. ಅವರು ಸೋಸಿ ಹಾಕಿದ್ದರೆ?

ಇನ್ನು ಉಪಯೋಗದ ಮಾತು. ಎದೆಯೆತ್ತರದ ಕಾಂಪೌಂಡ್ ಗೋಡೆಯ ಆಚೆ ಒಬ್ಬ ಕುಳ್ಳ ಹುಡುಗ ಏರುತಗ್ಗಿನ ನೆಲದ ಮೇಲೆ ನಡೆಯುತ್ತಿದ್ದಾನೆ ಎಂದುಕೊಳ್ಳಿ. ನೆಲ ಎಲ್ಲಿ ಏರಿದೆ, ಎಲ್ಲಿ ತಗ್ಗಿದೆ ಎಂದು ನಿಮಗೆ ಗೋಡೆಯ ಈಚೆಯಿಂದ ತಿಳಿಯಬೇಕು. ಅವನು ನೆಟ್ಟಗೆ ನಡೆದರೆ ತಲೆ ಗೋಡೆಗಿಂತ ಮೇಲೆ ಬರುವುದೇ ಇಲ್ಲ. ಮನಸ್ಸಿಗೆ ಬಂದಂತೆ ಕುಪ್ಪಳಿಸುತ್ತ ನಡೆದರೆ, ನೆಲ ಏರಿದ ಕಡೆ ತಲೆ ಹೆಚ್ಚು ಸಲ ಕಾಣಿಸುತ್ತದೆ, ತಗ್ಗಿನಲ್ಲಿ ಕಡಿಮೆ. ತೀರ ಜೋರಾಗಿ ಕುಪ್ಪಳಿಸಿದರೆ ಎಲ್ಲೆಡೆಯೂ ಕಂಡು ಮತ್ತೆ ಏನೂ ತಿಳಿಯದಂತಾಗುತ್ತದೆ. ನರಕೋಶವೂ ಒಂದು ಮಟ್ಟದ ಗೋಡೆ ದಾಟಿದರೆ ಮಾತ್ರ ಸುದ್ದಿ ಕಳಿಸುತ್ತದೆ. ಗೋಡೆಗಿಂತ ಗಿಡ್ಡವಾದ ಸಂಕೇತವನ್ನು ಹದವಾದ ಗದ್ದಲ ಮೇಲೆತ್ತಿ ತೋರಿಸಬಲ್ಲದು. ಇದಕ್ಕೆ ಸ್ಟೊಕ್ಯಾಸ್ಟಿಕ್ ರೆಸೊನೆನ್ಸ್ ಎಂದು ಹೆಸರು. ಹಿಮಯುಗಗಳ ಆವರ್ತನವನ್ನು ವಿವರಿಸಲು 1981ರಲ್ಲಿ ಹುಟ್ಟಿದ ಈ ಕಲ್ಪನೆಯನ್ನು, 1993ರಲ್ಲಿ ಅಮೆರಿಕದ ಫ್ರ್ಯಾಂಕ್ ಮಾಸ್ ಮತ್ತು ಸಂಗಡಿಗರು ಕ್ರೇಫಿಶ್ ಎಂಬ ಸಿಹಿನೀರಿನ ಜೀವಿಯ ಬಾಲದ ಸೂಕ್ಷ್ಮ ರೋಮಗಳಲ್ಲಿ ಪ್ರಯೋಗದಿಂದ ತೋರಿಸಿದರು. ಮಿದುಳಿನೊಳಗೆ ಇದು ಎಷ್ಟು ವ್ಯಾಪಕ ಎಂಬುದರಲ್ಲಿ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ, ಆದ್ದರಿಂದ ಉಪನ್ಯಾಸಕರ ಉತ್ಸಾಹದಲ್ಲಿ ಸ್ವಲ್ಪ ಕಡಿತ ಮಾಡಿಕೊಳ್ಳಿ.

ಕಲೆಗೂ ಇದಕ್ಕೂ ನೇರವಾಗಿ ಗಂಟು ಬಿದ್ದದ್ದು ಕಿವಿಯಲ್ಲಲ್ಲ, ಕಣ್ಣಿನಲ್ಲಿ. ನಿಮ್ಮ ವೃತ್ತಿಯವರ ತವರುಮನೆಯಾದ ಬೆಲ್ ಪ್ರಯೋಗಾಲಯದಲ್ಲಿ ಹಂಗೇರಿ ಮೂಲದ ಬೇಲಾ ಯೂಲೆಸ್, ಕಂಪ್ಯೂಟರಿನಿಂದ ಗೊತ್ತುಗುರಿಯಿಲ್ಲದ ಕಪ್ಪುಬಿಳಿ ಚುಕ್ಕೆಗಳ ಎರಡು ಚಿತ್ರ ಬರೆಸಿದರು. ಎರಡೂ ಒಂದೇ, ಒಂದರಲ್ಲಿ ನಡುವಿನ ಚೌಕದ ಚುಕ್ಕೆಗಳು ಮಾತ್ರ ಕೊಂಚ ಪಕ್ಕಕ್ಕೆ ಸರಿದಿದ್ದವು. ಒಂದೊಂದನ್ನೇ ನೋಡಿದರೆ ಚಾನೆಲ್ ಸಿಗದ ಟೀವಿಯ ಪರದೆ. ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಒಂದು ಕೊಟ್ಟು ಕೂಡಿಸಿದರೆ, ನಡುವಿನ ಚೌಕ ಎದ್ದು ಬಂದು ಗಾಳಿಯಲ್ಲಿ ತೇಲುತ್ತದೆ. ಆ ಚೌಕ ಯಾವ ಕಾಗದದಲ್ಲೂ ಇಲ್ಲ, ಯಾವ ಒಂದು ಕಣ್ಣಿನಲ್ಲೂ ಇಲ್ಲ. ವಸ್ತುವನ್ನು ಗುರುತಿಸಿದ ಮೇಲೆ ಆಳ ತಿಳಿಯುತ್ತದೆ ಎಂಬ ಹಳೆಯ ನಂಬಿಕೆ ಇದರಿಂದ ಬಿದ್ದುಹೋಯಿತು. ಅದೇ ಪ್ರಯೋಗಾಲಯದ ಮೈಕೇಲ್ ನಾಲ್ ಅವರೊಂದಿಗೆ ಯೂಲೆಸ್ 1965ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಒಂದು ಗ್ಯಾಲರಿಯಲ್ಲಿ ಇಂಥ ಚಿತ್ರಗಳನ್ನು ತೂಗುಹಾಕಿದರು. ಕಂಪ್ಯೂಟರ್ ಚಿತ್ರಗಳ ಮೊತ್ತಮೊದಲ ಪ್ರದರ್ಶನಗಳಲ್ಲಿ ಅದೂ ಒಂದು.

ಪ್ರಶ್ನೆ: ಮಿಕ್ಸಿ ತಿರುಗುವಾಗ ಬಾಗಿಲ ಗಂಟೆ ಹೊಡೆದಂತೆ, ಮಗ ‘ಅಮ್ಮಾ’ ಎಂದು ಕರೆದಂತೆ ಕೇಳುತ್ತದೆ. ನಿಲ್ಲಿಸಿ ನೋಡಿದರೆ ಯಾರೂ ಇಲ್ಲ. ಇದು ಕಾಯಿಲೆಯೇ?
— ವಿಜಯನಗರ

ಉತ್ತರ: ಅಲ್ಲ ತಾಯಿ. ಮಿಕ್ಸಿಯ ಸದ್ದಿನಲ್ಲಿ ತಗ್ಗಿನಿಂದ ಎತ್ತರದವರೆಗೆ ಅನೇಕ ಸ್ಥಾಯಿಗಳು ಬೆರೆತಿರುತ್ತವೆ, ‘ಅಮ್ಮಾ’ ಎಂಬ ಕೂಗಿನ ಚೂರುಗಳೂ ಅದರಲ್ಲಿ ಇದ್ದೇ ಇರುತ್ತವೆ. ಮಗನ ಕೂಗಿಗೆ ಸದಾ ಕಾದಿರುವ ಮಿದುಳು ಆ ಚೂರುಗಳನ್ನು ಜೋಡಿಸಿಬಿಡುತ್ತದೆ. ಸುಳ್ಳು ಕೂಗಿಗೆ ಹತ್ತು ಸಲ ಓಗೊಟ್ಟರೂ ನಷ್ಟ ಸಣ್ಣದು, ನಿಜವಾದ ಕೂಗು ಒಂದು ತಪ್ಪಿದರೆ ದೊಡ್ಡದು ಎಂಬುದು ಅದರ ಲೆಕ್ಕಾಚಾರ. ಲಿಯೊನಾರ್ಡೊ ಡ ವಿಂಚಿ ಈ ಗುಣವನ್ನೇ ಚಿತ್ರಕಾರರಿಗೆ ಪಾಠವಾಗಿ ಹೇಳಿಕೊಟ್ಟಿದ್ದ. ಕಲೆ ಬಿದ್ದ ಗೋಡೆಯನ್ನು ನೋಡುತ್ತ ನಿಂತರೆ ಬೆಟ್ಟ, ನದಿ, ಯುದ್ಧ, ಮುಖಗಳು ಕಾಣುತ್ತವೆ. ಗಂಟೆಯ ನಾದದಲ್ಲಿ ನೀವು ನೆನೆದ ಹೆಸರೆಲ್ಲ ಕೇಳುವುದಿಲ್ಲವೇ, ಇದೂ ಹಾಗೆಯೇ ಎಂಬುದು ಅವನ ವಿವರಣೆ.

ಸದ್ದೇ ಇಲ್ಲದಿದ್ದರೂ ಮಿದುಳು ಸುಮ್ಮನಿರುವುದಿಲ್ಲ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬಿಬ್ಬರು, ಕಿವಿ ಚೆನ್ನಾಗಿದ್ದ 80 ಜನರನ್ನು ನಿಶ್ಶಬ್ದವಾದ ಕೋಣೆಯಲ್ಲಿ ಕೂರಿಸಿದಾಗ ಶೇಕಡಾ 94ರಷ್ಟು ಮಂದಿ ಏನೋ ಒಂದು ಗುಂಯ್‌ಗುಡುವುದನ್ನು ಕೇಳಿದರು. ಮೇಲೆ ಹೇಳಿದ ಜಾನ್ ಕೇಜ್ ಕೂಡ 1951ರ ಸುಮಾರಿಗೆ ಹಾರ್ವರ್ಡ್‌ನ ನಿಶ್ಶಬ್ದ ಕೋಣೆಯೊಳಗೆ ಹೋಗಿ ಒಂದು ಎತ್ತರದ, ಒಂದು ತಗ್ಗಿನ ದನಿ ಕೇಳಿದ್ದರು. ಎತ್ತರದ್ದು ನರಮಂಡಲದ್ದು, ತಗ್ಗಿನದು ರಕ್ತ ಸಂಚಾರದ್ದು ಎಂದು ಅಲ್ಲಿನ ಎಂಜಿನಿಯರ್ ವಿವರಿಸಿದರಂತೆ. ಎತ್ತರದ್ದು ಸಾಮಾನ್ಯ ಕಿವಿಮೊರೆತವೇ ಆಗಿದ್ದಿರಬೇಕೆಂದು ನನ್ನ ಅನುಮಾನ. ಮಿಕ್ಸಿ ನಿಂತ ಮೇಲೂ ಕರೆಗಳು ಮುಂದುವರಿದರೆ, ಅಥವಾ ಒಂದೇ ಕಿವಿಯಲ್ಲಿ ಮೊರೆತ ಬಿಡದಿದ್ದರೆ ಮಾತ್ರ ಕಿವಿಯ ವೈದ್ಯರನ್ನು ಕಾಣಿ.

ಪ್ರಶ್ನೆ: ‘ನಿಮ್ಮ ಮಿದುಳಿನ ಆಲ್ಫಾ ಅಲೆಗಳ ಸಂಗೀತ’ ಕೇಳಿದರೆ ನೆನಪಿನ ಶಕ್ತಿ ಹೆಚ್ಚುತ್ತದೆಂಬ ಆ್ಯಪ್ ಜಾಹೀರಾತು ನೋಡಿದೆ. ಪರೀಕ್ಷೆ ಹತ್ತಿರವಿದೆ.
— ಪಿಯುಸಿ ವಿದ್ಯಾರ್ಥಿ, ಯಲಹಂಕ

ಉತ್ತರ: ಆಲ್ಫಾ ಅಲೆಗಳು ಮಿದುಳಿನ ವಿದ್ಯುತ್ತಿನಲ್ಲಿ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವಂಥವು. ನಮ್ಮ ಕಿವಿಗೆ ಕೇಳುವುದು ಸುಮಾರು 20ರಿಂದ ಮೇಲಕ್ಕೆ. ಆದ್ದರಿಂದ ಅವುಗಳ ‘ಸಂಗೀತ’ವನ್ನು ಯಾರೂ ನೇರವಾಗಿ ಕೇಳಲಾರರು. 1965ರಲ್ಲಿ ಅಮೆರಿಕದ ಆಲ್ವಿನ್ ಲೂಸಿಯೆ ಇದಕ್ಕೊಂದು ಪ್ರಾಮಾಣಿಕ ದಾರಿ ಕಂಡುಕೊಂಡರು. ವೇದಿಕೆಯ ಮೇಲೆ ತಲೆಗೆ, ಮಿದುಳಿನ ವಿದ್ಯುತ್ತನ್ನು ಅಳೆಯುವ ಇಇಜಿ ತಂತಿ ಅಂಟಿಸಿಕೊಂಡು, ಕಣ್ಣು ಮುಚ್ಚಿ ಕುಳಿತರು. ವರ್ಧಿಸಿದ ಆಲ್ಫಾ ಅಲೆ ಸ್ಪೀಕರುಗಳನ್ನು ಅಲುಗಿಸಿತು, ಸ್ಪೀಕರುಗಳು ಪಕ್ಕದಲ್ಲಿಟ್ಟಿದ್ದ ಡೋಲು, ಜಾಗಟೆಗಳನ್ನು ಅದುರಿಸಿದವು. ಕಣ್ಣು ತೆರೆದರೆ, ಮನಸ್ಸು ಏನಾದರೂ ಲೆಕ್ಕ ಹಾಕಲು ಹೊರಟರೆ, ಆಲ್ಫಾ ಕುಗ್ಗಿ ಡೋಲು ನಿಲ್ಲುತ್ತಿತ್ತು. ಅಂದರೆ ನೀವು ಓದಲು ಕುಳಿತ ಹೊತ್ತಿಗೆ ಈ ಅಲೆ ತಗ್ಗುವುದೇ ಸಹಜ. ದುಡ್ಡು ಉಳಿಸಿಕೊಳ್ಳಿ.

ಪ್ರಶ್ನೆ: ಎಲ್ಲವೂ ಮಿದುಳಿನ ತೀರ್ಮಾನವಾದರೆ, ನಮ್ಮ ಬೀದಿಯಲ್ಲಿ ರಾತ್ರಿ ಹನ್ನೊಂದೂವರೆಗೆ ಧ್ವನಿವರ್ಧಕ ಹಾಕುವವರು ‘ನಿಮ್ಮ ಮಿದುಳನ್ನು ಸರಿಮಾಡಿಕೊಳ್ಳಿ’ ಎನ್ನಬಹುದಲ್ಲ?
— ರಾಜಾಜಿನಗರ

ಉತ್ತರ: ಎನ್ನಬಹುದು, ಆದರೆ ಒಳಗಿವಿಗೆ ಯಾವ ತೀರ್ಮಾನವೂ ಗೊತ್ತಿಲ್ಲ. ಒಂದೊಂದು ಕಿವಿಯಲ್ಲಿ ಮಿದುಳಿಗೆ ಸುದ್ದಿ ಮುಟ್ಟಿಸುವ ಒಳಸಾಲಿನ ಕೂದಲುಕೋಶಗಳಿರುವುದು ಸುಮಾರು 3,500. ಅತಿ ಜೋರಾದ ಸದ್ದಿಗೆ ಅವು ಸತ್ತರೆ, ಹಕ್ಕಿಗಳಲ್ಲಿ ಮತ್ತೆ ಹುಟ್ಟುವಂತೆ ಮನುಷ್ಯರಲ್ಲಿ ಹುಟ್ಟುವುದಿಲ್ಲ. ಅದು ಕಛೇರಿಯ ಸದ್ದಾಗಿದ್ದರೂ ಅಷ್ಟೇ, ಕಲಾಪ್ರದರ್ಶನದ್ದಾಗಿದ್ದರೂ ಅಷ್ಟೇ.

ಕಾನೂನೂ ನಿಮ್ಮ ಕಡೆಗಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಮುಚ್ಚಿದ ಸಭಾಂಗಣಗಳನ್ನು ಬಿಟ್ಟು ಬೇರೆಡೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಹರಿದಿನಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ನಿಮ್ಮ ಬೀದಿಯ ಕಾರ್ಯಕ್ರಮ ಆ ದಿನಗಳಲ್ಲಿ ಸೇರಿದೆಯೇ ಎಂದು ಮೊದಲು ವಿಚಾರಿಸಿ, ಇಲ್ಲವಾದರೆ 112ಕ್ಕೆ ಕರೆ ಮಾಡಿ. ಕರೆ ಮಾಡಿದ ಹೊತ್ತನ್ನೂ ಸದ್ದು ನಿಂತ ಹೊತ್ತನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ಮುಂದೆ ಲಿಖಿತ ದೂರು ಕೊಡುವಾಗ ಕೈಗೆ ಬರುತ್ತದೆ.